ಯಾವುದಕ್ಕೆ ಹೂಂ ಅಂದೆ?

"ಬೆಳಿಗ್ಗೆ ಹೋಗೋಣ್ವಾ, ಸಂಜೆ ಹೋಗೋಣ್ವಾ?" ಅಂತ ಅಪ್ಪ ಕೇಳಿದರು. ನಾನು "ಹೂಂ" ಅಂದೆ.

ಸೋಮವಾರ ರಾತ್ರಿಯ ಮಾತು. ಕಣ್ಣು ತೋರಿಸಿಕೊಂಡು ಬರುವ ವಿಷಯ. ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ಕೈಯಲ್ಲಿ ಮೊಬೈಲು. ಸ್ವಲ್ಪ ಹೊತ್ತು ಬಿಟ್ಟು ಅವರು ಮತ್ತೆ ಕೇಳಿದರು: "ಯಾವುದಕ್ಕೆ ಹೂಂ ಅಂದೆ?" ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆಯೋ ಸಂಜೆಯೋ ಅಂತ ತಿಳಿಯಬೇಕಿತ್ತು ಅವರಿಗೆ, ಅಷ್ಟೇ.

ಆಗ ನಾನೇನು ನೋಡುತ್ತಿದ್ದೆ? ಯಾರೋ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಅದಕ್ಕೂ ಮೊದಲಿನದು ಒಂದೂ ನೆನಪಿಲ್ಲ. ಪರಿಚಯವೇ ಇಲ್ಲದ ಯಾರದೋ ಗೋಡೆ ನೋಡುತ್ತಾ ಅಪ್ಪನ ಕಣ್ಣಿನ ಮಾತಿಗೆ ಹೂಂಗುಟ್ಟಿದ್ದೆ. ಅವತ್ತು ರಾತ್ರಿ ಮಲಗಿದರೂ ಅದೇ ಪ್ರಶ್ನೆ. ಕಳೆದ ಎಷ್ಟು ವರ್ಷದಿಂದ, ಯಾರ್ಯಾರ ಯಾವ್ಯಾವ ಮಾತಿಗೆ ಹೀಗೆ ಹೂಂ ಅಂದಿದ್ದೇನೆ? ಅವರಲ್ಲಿ ಹೆಚ್ಚಿನವರು ತಿರುಗಿ ಕೇಳಿರಲಿಕ್ಕಿಲ್ಲ. ಇವಳು ಹೀಗೇ ಅಂತ ಸುಮ್ಮನಾಗಿರುತ್ತಾರೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು ನೋಡಿದೆ. ಆ ಒಂದು ದಿನ 4 ಗಂಟೆ 52 ನಿಮಿಷ, ಲಾಕ್ ತೆಗೆದದ್ದು 118 ಸಲ. ಗಂಟೆಗಳಿಗಿಂತ ಆ 118 ನನ್ನನ್ನು ಹೆಚ್ಚು ಅಲುಗಾಡಿಸಿತು. ಕೆಲಸವಿದ್ದು ತೆಗೆದದ್ದು ಹತ್ತಿಪ್ಪತ್ತು ಸಲ ಇರಬಹುದು. ಉಳಿದದ್ದೆಲ್ಲ ಕೈ ತಾನಾಗಿ ಮಾಡಿದ್ದು, ನನ್ನನ್ನು ಕೇಳಿ ಮಾಡಿದ್ದಲ್ಲ.

ಈ ಲೆಕ್ಕ ತೋರಿಸುವ ವ್ಯವಸ್ಥೆ 2018ರಿಂದಲೇ ಇದೆ. ಗೂಗಲ್ ಡಿಜಿಟಲ್ ವೆಲ್‌ಬೀಯಿಂಗ್ ಅಂದ ವರ್ಷವೇ ಆ್ಯಪಲ್ ಐಒಎಸ್ 12ರಲ್ಲಿ ಸ್ಕ್ರೀನ್ ಟೈಮ್ ಕೊಟ್ಟಿತು. ಮೊದಲು ಅದನ್ನೇ ನೆಚ್ಚಿಕೊಂಡು ವಿಡಿಯೋ ಆ್ಯಪ್‌ಗೆ ದಿನಕ್ಕೆ ಅರ್ಧ ಗಂಟೆ ಮಿತಿ ಹಾಕಿದೆ. ಮಂಗಳವಾರ ಸಂಜೆಗೆ ಐಕಾನ್ ಬೂದು ಬಣ್ಣಕ್ಕೆ ತಿರುಗಿತು. ಅದೇ ಸೆಟ್ಟಿಂಗ್ಸ್‌ಗೆ ಹೋಗಿ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿಕೊಳ್ಳಲು ನನಗೆ ಐದಾರು ಸೆಕೆಂಡೂ ಬೇಕಾಗಲಿಲ್ಲ. ಬಾಗಿಲು ಹಾಕಿದವಳ ಕೈಯಲ್ಲೇ ಬೀಗದ ಕೈ ಇದ್ದರೆ ಆಗುವುದೇ ಇಷ್ಟು.

ಬುಧವಾರ ಅಕ್ಕನ ಮಗ ಬಂದಿದ್ದ. "ಚಿಕ್ಕಮ್ಮಾ, ಕೊಡಿ ಇಲ್ಲಿ, ಪೂರ್ತಿ ಬ್ಲಾಕ್ ಮಾಡೋದು ಹಾಕ್ಕೊಡ್ತೀನಿ" ಅಂದ. ಒಳ್ಳೆಯ ಹುಡುಗ, ಪರೀಕ್ಷೆಗೆ ಓದುವಾಗ ಫಾರೆಸ್ಟ್ ಅನ್ನುವ ಆ್ಯಪ್ ಬಳಸುತ್ತಾನೆ. ಸಮಯ ಇಟ್ಟರೆ ತೆರೆಯ ಮೇಲೊಂದು ಗಿಡ ಬೆಳೆಯುತ್ತದೆ, ನಡುವೆ ಬಿಟ್ಟುಹೋದರೆ ಒಣಗುತ್ತದೆ. ಕೂತು ಓದುವವರಿಗೆ ಅದು ನಿಜಕ್ಕೂ ಚೆನ್ನ. ಆದರೆ ನನ್ನ ತೊಂದರೆ ಕೂತು ಮಾಡುವ ಕೆಲಸದ್ದಲ್ಲ. ಮಾತಿನ ನಡುವೆ, ಮೆಟ್ಟಿಲು ಹತ್ತುವಾಗ, ಹಾಲು ಕಾಯುವಷ್ಟು ಹೊತ್ತಿನಲ್ಲಿ ನುಸುಳುವಂಥದ್ದು. ಅಂಥ ಹೊತ್ತಿಗೆ ಗಿಡ ನೆಡುವುದು ಹೇಗೆ?

ಹುಡುಗನಿಗೆ ಎಲ್ಲವೂ ಸಲೀಸು ಅನ್ನುವ ಭಾವ, ಅದೊಂದು ನನಗೆ ಇಷ್ಟವಾಗುವುದಿಲ್ಲ. ಅವನು ಹಾಕಿಕೊಟ್ಟ ಬ್ಲಾಕರ್ ಕೇಳಿದ ಮೊದಲ ಅನುಮತಿಯೇ ಆ್ಯಕ್ಸೆಸಿಬಿಲಿಟಿ. ಪೂರ್ತಿ ಓದದೆ "ಅಲೋ" ಒತ್ತಲು ಹೊರಟಿದ್ದ, ತಡೆದೆ. ಕಣ್ಣು ಕಾಣದವರಿಗೆ, ಕೈ ಸ್ವಾಧೀನದಲ್ಲಿಲ್ಲದವರಿಗೆ ಫೋನ್ ಬಳಸಲು ನೆರವಾಗಲಿ ಅಂತ ಆಂಡ್ರಾಯ್ಡ್‌ನಲ್ಲಿ ಮಾಡಿರುವ ದಾರಿ ಅದು. ಕೊಟ್ಟರೆ ತೆರೆಯ ಮೇಲೆ ಇರುವುದನ್ನು ಆ ಆ್ಯಪ್ ಓದಬಲ್ಲದು, ನಮ್ಮ ಪರವಾಗಿ ಒತ್ತಲೂ ಬಲ್ಲದು. ಯಾವ ಆ್ಯಪ್ ತೆರೆದಿದೆ ಅಂತ ಆ ಕ್ಷಣವೇ ತಿಳಿದು ತಡೆಯಬೇಕಾದ್ದರಿಂದ ಬ್ಲಾಕರ್‌ಗಳು ಇದನ್ನು ಕೇಳುತ್ತವೆ, ಕೇಳುವುದಕ್ಕೆ ಕಾರಣವಿದೆ. ಆದರೆ ಮಾಡಿದವರು ಯಾರೆಂದು ತಿಳಿಯದ, ತೆರೆದ ಕೂಡಲೇ ಜಾಹೀರಾತು ತೋರಿಸುವ ಆ್ಯಪ್‌ಗೆ ನನ್ನ ಪತ್ರ, ಬ್ಯಾಂಕು, ಎಲ್ಲ ಕಾಣುವ ಕಿಟಕಿ ತೆಗೆದುಕೊಡಲು ನಾನು ತಯಾರಿಲ್ಲ. ನೀವೂ ಕೊಡಬೇಡಿ. ಯಾರು ಮಾಡಿದ್ದು, ಹಣ ಎಲ್ಲಿಂದ ಬರುತ್ತದೆ, ಮಾಹಿತಿ ಫೋನಿನಲ್ಲೇ ಉಳಿಯುತ್ತದೆಯೋ ಹೊರಗೆ ಹೋಗುತ್ತದೆಯೋ ಎಂದು ನೋಡಿ. ಗಮನ ಉಳಿಸಿಕೊಳ್ಳಲು ಹೋಗಿ ಗುಟ್ಟು ಕಳೆದುಕೊಳ್ಳುವುದು ಬೇಡ.

ಅದನ್ನು ತೆಗೆಸಿ ಹಾಕಿದ ಮೇಲೆ ಕೊನೆಗೆ ಉಳಿಸಿಕೊಂಡದ್ದು ಒನ್ ಸೆಕ್ ಅನ್ನುವ ಆ್ಯಪ್. ಅದೂ ಆಂಡ್ರಾಯ್ಡ್‌ನಲ್ಲಿ ಅದೇ ಅನುಮತಿ ಕೇಳುತ್ತದೆ. ಆದರೆ ಮಾಡಿದವರು ಯಾರೆಂದು ಗೊತ್ತು, ಕೆಲಸವೂ ಬಯಲಾಗಿಯೇ ಇದೆ. ಅದು ಬೀಗ ಹಾಕುವುದಿಲ್ಲ. ನಾವು ಆರಿಸಿದ ಆ್ಯಪ್ ಮುಟ್ಟಿದಾಗ ತೆರೆಯನ್ನೆಲ್ಲ ತುಂಬಿಕೊಂಡು ಒಂದು ಉಸಿರು ಎಳೆದುಕೊಳ್ಳಿ ಅನ್ನುತ್ತದೆ. ಆಮೇಲೆ ಕಳೆದ 24 ಗಂಟೆಯಲ್ಲಿ ಎಷ್ಟು ಸಲ ತೆರೆಯಲು ಹೊರಟಿದ್ದೀರಿ ಅಂತ ತೋರಿಸಿ, ಮುಂದೆ ಹೋಗುವುದೋ ಹಿಂತಿರುಗುವುದೋ ಅಂತ ಕೇಳುತ್ತದೆ. 2023ರಲ್ಲಿ ಇದರ ಮೇಲೊಂದು ಅಧ್ಯಯನ ಪ್ರಕಟವಾಗಿತ್ತು. 280 ಜನ, ಆರು ವಾರ. ಆ್ಯಪ್ ತೆರೆಯಲು ಹೊರಟ ನೂರು ಸಲದಲ್ಲಿ 36 ಸಲ ಜನ ಅಲ್ಲಿಂದಲೇ ಹಿಂತಿರುಗಿದ್ದರು. ಅದನ್ನು ಬರೆದವರಲ್ಲಿ ಆ್ಯಪ್ ಮಾಡಿದವರೂ ಒಬ್ಬರು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ನನ್ನ ಅನುಭವಕ್ಕೆ ಆ ಸಂಖ್ಯೆ ಹೊಂದುತ್ತದೆ. ಮೊದಲ ದಿನ ಹೋದದ್ದು 31 ಸಲ, ತಿರುಗಿ ಬಂದದ್ದು 11 ಸಲ.

ಅಂದರೆ ಉಳಿದ 20 ಸಲ ಗೊತ್ತಿದ್ದೂ ಒಳಗೆ ಹೋಗಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ 20 ಸಲವೂ ಹೋದದ್ದು ನಾನು, ನನ್ನ ಹೆಬ್ಬೆರಳಲ್ಲ.

ಅಪ್ಪ ಕೇಳಿದ್ದರಲ್ಲೂ ಇದೇ ಇದೆ ಅಂತ ಈಗ ಅನ್ನಿಸುತ್ತದೆ. ಹೂಂ ಅಂದದ್ದು ತಪ್ಪಲ್ಲ, ಯಾವುದಕ್ಕೆ ಅಂತ ನನಗೇ ಗೊತ್ತಿರಲಿಲ್ಲವಲ್ಲ, ಅದು. ಮೊದಲು ಪತ್ರಿಕೆಯ ಪುಟಕ್ಕೊಂದು ಕೊನೆ ಇತ್ತು. ವೆಬ್ ಪುಟಕ್ಕೂ ಇತ್ತು, ಮುಂದಿನ ಪುಟ ಬೇಕಾದರೆ ಒತ್ತಬೇಕಿತ್ತು. ಆ ಒತ್ತುವ ಚೂರು ಹೊತ್ತಿನಲ್ಲಿ 'ಸಾಕು' ಅನ್ನಿಸಲು ಜಾಗ ಇರುತ್ತಿತ್ತು. 2006ರಲ್ಲಿ ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದರು. ನಮ್ಮಿಂದ ಹೋದದ್ದು ಆ ಚೂರು ಜಾಗ. ಈಗ ಅದನ್ನು ವಾಪಸು ತಂದುಕೊಡಲು ಇನ್ನೊಂದು ಆ್ಯಪ್ ಬೇಕಾಗಿದೆ ಅನ್ನುವುದು ನನಗೆ ತುಂಬ ಬೇಸರದ ಸಂಗತಿ. ಆದರೂ ಬೇಕು, ಸದ್ಯಕ್ಕಂತೂ ಬೇಕು.

ನಿನ್ನೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿದ್ದೆವು. ಪಾಪೆ ಹಿಗ್ಗಲಿ ಅಂತ ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಹೊರಗೆ ಕೂರಿಸಿದರು. ಅವರು ಕಣ್ಣು ಮುಚ್ಚಿ, ಕರವಸ್ತ್ರ ಮಡಚಿ ಮಂಡಿಯ ಮೇಲಿಟ್ಟುಕೊಂಡು ಕೂತರು. ನನ್ನ ಕೈ ಚೀಲಕ್ಕೆ ಹೋಯಿತು. ಉಸಿರು ಎಳೆದುಕೊಳ್ಳಿ ಅನ್ನುವ ತೆರೆ ಬಂತು. ಅಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡೇ ಮಾತಿಗೆ ಶುರು ಮಾಡಿದ್ದರು. ಫೋನ್ ಒಳಗಿಟ್ಟೆ.

"ನನಗೆ ಮೊದಲ ಸಲ ಕನ್ನಡಕ ಬಂದಾಗ ಹನ್ನೊಂದೋ ಹನ್ನೆರಡೋ ವರ್ಷ. ಹಾಕ್ಕೊಂಡು ಹೊರಗೆ ಬಂದು ಮರ ನೋಡ್ತೀನಿ, ಒಂದೊಂದು ಎಲೆನೂ ಬೇರೆ ಬೇರೆ ಕಾಣ್ತಿದೆ! ಅಲ್ಲೀತನಕ ಮರ ಅಂದ್ರೆ ಹಸಿರು ಮುದ್ದೆ ಅಂದ್ಕೊಂಡಿದ್ದೆ. ಎಲ್ಲರಿಗೂ ಹಂಗೇ ಕಾಣುತ್ತೆ ಅಂದ್ಕೊಂಡಿದ್ದೆ."

ಇಷ್ಟು ವರ್ಷದಲ್ಲಿ ಈ ಮಾತು ನಾನು ಕೇಳಿಯೇ ಇರಲಿಲ್ಲ. ಅವರು ಹೇಳಿಯೇ ಇರಲಿಲ್ಲವೋ, ಹೇಳಿದಾಗ ನಾನು ಹೂಂ ಅಂದಿದ್ದೆನೋ.

"ಯಾವ ಮರ ಅಪ್ಪಾ?" ಅಂದೆ.

"ಹುಣಸೇಮರ" ಅಂದರು. ಕಣ್ಣು ಮುಚ್ಚಿದ್ದಂತೆಯೇ ಹೆಬ್ಬೆರಳ ತುದಿಯನ್ನು ತೋರುಬೆರಳಿಗೆ ತಾಗಿಸಿ ಎತ್ತಿ ಹಿಡಿದರು. "ಇಷ್ಟೇ ಇಷ್ಟು ಎಲೆ."