ಭಾವನ ಗ್ಯಾರೇಜು, ಅಪ್ಪನ ದಾರ

ಅಕ್ಕನ ಮನೆ ಇರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ಹೋದ ನವೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಗ್ಯಾರೇಜಿನಲ್ಲಿ ಭಾವನ ಕ್ವಾಡ್ ಬೈಕು, ಅಂದರೆ ನಾಲ್ಕು ಚಕ್ರದ ಬೈಕು, ಎಂಜಿನ್ನೇ ಇಲ್ಲದೆ ನಿಂತಿತ್ತು. ಹೋಂಡಾ 400ಇಎಕ್ಸ್. ಅದರ ಫೋರ್ ಸ್ಟ್ರೋಕ್ ಎಂಜಿನ್ ಆಯಿಲ್ ಕಾಣದೆ ಓಡಿ ಸೀಜ್ ಆಗಿತ್ತು. ಪಕ್ಕದಲ್ಲಿ ಹಲಗೆ ಮೇಲೆ ಹೋಂಡಾ ಸಿಆರ್250 ಡರ್ಟ್ ಬೈಕಿನ ಟೂ ಸ್ಟ್ರೋಕ್ ಎಂಜಿನ್. ಇದನ್ನು ಕ್ವಾಡಿಗೆ ಕೂರಿಸಬೇಕಂತೆ.

“ಎರಡು ದಿನದ ಕೆಲಸ ಕಣೋ. ಯೆಜ್ಡಿ ಬಿಚ್ಚಿ ಬೆಳೆದವನು ನೀನು, ಬಾ” ಅಂದರು ಭಾವ. ಒಂಬತ್ತು ದಿನ ಹಿಡಿಯಿತು.

ಎಂಜಿನ್ ಫ್ರೇಮಿನೊಳಗೆ ಸುಲಭವಾಗಿ ಕೂತಿತು. ಅದೇ ನಮ್ಮನ್ನು ಹಾಳು ಮಾಡಿದ್ದು. ಭಾವ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಬ್ರಾಕೆಟ್ ಅಳತೆ ಕತ್ತರಿಸಿದರು, ಸ್ಟೀಲ್ ಪ್ಲೇಟಿನಲ್ಲಿ ಹಾಗೇ ಮಾಡಿ ವೆಲ್ಡಿಂಗ್ ಹೊಡೆದೇಬಿಟ್ಟರು. ನನಗೆ ಯಾಕೋ ಅನುಮಾನ. ಅಪ್ಪ ಮೈಸೂರಿನ ಯಾದವಗಿರಿಯಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಮನೆ ಮುಂದೆಯೇ ರಿಪೇರಿ ಮಾಡುತ್ತಿದ್ದರು. ಚಕ್ರ ನೇರ ಇದೆಯಾ ಅಂತ ನೋಡೋಕೆ ಅವರಿಗೆ ಬೇಕಿದ್ದದ್ದು ಒಂದು ದಾರ, ಅಷ್ಟೇ. ಅಕ್ಕನ ಹೊಲಿಗೆ ಡಬ್ಬದಿಂದ ದಾರ ತಂದು ಹಿಂದಿನ ಸ್ಪ್ರಾಕೆಟ್ (ಚೈನು ಓಡುವ ಹಲ್ಲಿನ ಚಕ್ರ) ಮೈಗೆ ಹಿಡಿದು ಮುಂದಕ್ಕೆ ಎಳೆದೆ. ಮುಂದಿನ ಸ್ಪ್ರಾಕೆಟ್ ಐದು ಮಿಲಿಮೀಟರ್ ಒಳಗಿತ್ತು.

ಭಾವ ಮಾತಾಡಲಿಲ್ಲ. ಗ್ರೈಂಡರ್ ತಗೊಂಡು ಎಲ್ಲ ಬ್ರಾಕೆಟ್ ಕತ್ತರಿಸಿದರು.

ಎರಡನೇ ಸಲ ಮೊದಲು ಚೈನ್ ಸಾಲು ನೋಡಿ, ಆಮೇಲೆ ಎಂಜಿನ್ ಕೂರಿಸಿದೆವು. ಸ್ಪ್ರಾಕೆಟ್ ಹಲ್ಲಿನ ಲೆಕ್ಕ ಮಜವಾಗಿತ್ತು. ಡರ್ಟ್ ಬೈಕಿನಲ್ಲಿ ಮುಂದೆ 13, ಹಿಂದೆ 49 ಇತ್ತು. ಆದರೆ ಡರ್ಟ್ ಬೈಕಿನ ಹಿಂದಿನ ಚಕ್ರ ಹತ್ತಿರಹತ್ತಿರ 27 ಇಂಚು ಎತ್ತರ, ಕ್ವಾಡಿಂದು 20. ಚಕ್ರ ಚಿಕ್ಕದಾದರೆ ಒಂದು ಸುತ್ತಿಗೆ ಓಡುವ ದೂರವೂ ಕಮ್ಮಿ ಅಲ್ವಾ? ಹಾಗಾಗಿ ಕ್ವಾಡಿನ 38 ಹಲ್ಲಿನ ಸ್ಪ್ರಾಕೆಟ್ಟೇ ಸರಿಹೋಯಿತು.

ರೇಡಿಯೇಟರ್ ಮುಂದೆ ಕಟ್ಟಿದೆವು. ಚೇಂಬರ್, ಅಂದರೆ ಹೊಗೆ ಹೋಗುವ ದಪ್ಪ ಕೊಳವೆ, ಮಾತ್ರ ಸ್ಟೀರಿಂಗಿಗೆ ತಾಗುತ್ತಿತ್ತು, ತುಂಡು ತುಂಡು ಮಾಡಿ ಬೆಸೆಯೋದರಲ್ಲಿ ಮೂರು ದಿನ ಹೋಯಿತು.

ಎಲ್ಲ ಮುಗೀತು ಅಂತ ಭಾವ ಸೀಟಿನ ಮೇಲೆ ಕೂತರು. ಚೈನು ವೀಣೆ ತಂತಿ ಹಾಗೆ ಬಿಗಿಯಾಯಿತು. ಸ್ಟ್ಯಾಂಡಿನ ಮೇಲೆ ಸಡಿಲ ಸರಿಯಾಗೇ ಇತ್ತಲ್ಲ! ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹಿಡಿದು ಮೇಲೆ ಕೆಳಗೆ ಆಡುವ ತೋಳು) ತಿರುಗುವ ಬೋಲ್ಟ್, ಹಿಂದಿನ ಆಕ್ಸಲ್, ಮೂರೂ ಒಂದೇ ಗೆರೆಗೆ ಬಂದಾಗ ಚೈನಿಗೆ ಅತಿ ಹೆಚ್ಚು ಎಳೆತ. ನಮ್ಮ ಎಂಜಿನ್ ಆ ಬೋಲ್ಟಿನಿಂದ ಸ್ವಲ್ಪ ದೂರ ಕೂತಿತ್ತು, ಅದಕ್ಕೆ ವ್ಯತ್ಯಾಸವೂ ಜಾಸ್ತಿ. ಶಾಕ್ ಅಬ್ಸಾರ್ಬರ್ ಬಿಚ್ಚಿ, ಆಕ್ಸಲನ್ನು ಆ ಗೆರೆವರೆಗೆ ಎತ್ತಿ ಹಿಡಿದು, ಅಲ್ಲಿ ಒಂದು ಬೆರಳಷ್ಟು ಸಡಿಲ ಬಿಟ್ಟೆವು. ನಿಂತಾಗ ಚೈನು ಜೋತುಬೀಳುತ್ತಿತ್ತು. ಬೀಳಲಿ.

ಪೆಟ್ರೋಲಿಗೆ 32ಕ್ಕೆ 1ರ ಲೆಕ್ಕದಲ್ಲಿ, ಗ್ಯಾಲನ್‌ಗೆ 4 ಔನ್ಸ್ ಆಯಿಲ್ ಬೆರೆಸಿದೆವು. ಗೇರ್ ಬಾಕ್ಸಿಗೆ ಬೇರೆ ಆಯಿಲ್. ಕಿಕ್ ಹೊಡೆಯೋಕೆ ಹೋದರೆ ನನ್ನ ಕಾಲು ಸುಮ್ನೆ ಎಡಗಡೆ ಹುಡುಕಿತು. ಯೆಜ್ಡಿಯಲ್ಲಿ ಗೇರ್ ಲಿವರ್ರೇ ಕಿಕ್ಕರ್, ಅದು ಇರೋದು ಎಡಕ್ಕೆ. ಇದರದ್ದು ಬಲಕ್ಕೆ. ಏಳನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಗ್ಯಾರೇಜ್ ತುಂಬ ನೀಲಿ ಹೊಗೆ, ಅಪ್ಪನ ಅಂಗಿಯ ವಾಸನೆ. ಅಕ್ಕ ಅಡುಗೆಮನೆ ಬಾಗಿಲು ದಢಾರಂತ ಹಾಕಿಕೊಂಡಳು.

ಭಾನುವಾರ ಟ್ರೈಲರಿನಲ್ಲಿ ಮರುಭೂಮಿಗೆ ಒಯ್ದೆವು. ಭಾವ ನೆಟ್ಟಗೆ ಹೋದರು, ತಿರುಗಿ ಬಂದರು, ನನ್ನ ಮುಂದೆ ಬಂದು ಆಕ್ಸಲರೇಟರ್ ಬಿಟ್ಟರು. ಹಳೇ ಎಂಜಿನ್ ಆಗಿದ್ದರೆ ಅದೇ ಹಿಡಿದು ವೇಗ ತಗ್ಗಿಸುತ್ತಿತ್ತು. ಟೂ ಸ್ಟ್ರೋಕಿಗೆ ಆ ಅಭ್ಯಾಸ ಇಲ್ಲ. “ಬ್ರೇಕ್, ಭಾವಾ, ಬ್ರೇಕ್!” ಅಂತ ಕೂಗಿದೆ. ಅಷ್ಟರಲ್ಲಿ ನನ್ನನ್ನು ದಾಟಿ ಹೋಗಿ ಪೊದೆಗೆ ನುಗ್ಗಿದ್ದರು. ನಗುತ್ತಾ ಇಳಿದರು. ನಾನು ಓಡಿಹೋಗಿ ಬಗ್ಗಿ ಮೊದಲು ಚೈನ್ ನೋಡಿದೆ. ಜಾಗದಲ್ಲೇ ಇತ್ತು.