ಸೀವಾರ್ಡ್‌ನಲ್ಲಿ ಬೋಟ್ ಹತ್ತುವ ಮೊದಲು

ಅಲಾಸ್ಕಾ ಅಂದಕೂಡಲೇ ಎಲ್ಲರೂ ಕ್ರೂಸ್ ಬಗ್ಗೆ ಕೇಳುತ್ತಾರೆ. ದೊಡ್ಡ ಹಡಗಿನಲ್ಲಿ ಊಟ, ನಿದ್ದೆ ಎಲ್ಲ ಸೊಗಸು. ಆದರೆ ಹತ್ತನೇ ಮಹಡಿಯಿಂದ ನೋಡಿದರೆ ತಿಮಿಂಗಿಲವೂ ಚುಕ್ಕಿಯೇ. ಪ್ರಾಣಿಗಳನ್ನು ನೋಡುವ ಆಸೆ ನಿಜವಾಗಿ ಇದ್ದರೆ ಸೀವಾರ್ಡ್ ಎಂಬ ಪುಟ್ಟ ಊರಿಗೆ ಹೋಗಿ. ಅಲ್ಲಿಂದ ಕೀನಾಯ್ ಫಿಯಾರ್ಡ್ಸ್ ನ್ಯಾಷನಲ್ ಪಾರ್ಕ್‌ಗೆ ಬೇಸಿಗೆಯಲ್ಲಿ ದಿನಾ ಬೋಟುಗಳು ಹೊರಡುತ್ತವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ, ಜೂನ್ ಕೊನೆಯಲ್ಲಿ ನಾವು ಹೋಗಿದ್ದೆವು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಈ ಬರಹ ಜಾಸ್ತಿ ಉಪಯೋಗಕ್ಕೆ ಬರಬಹುದು.

ಅಲಾಸ್ಕಾದ ದೊಡ್ಡ ಊರಾದ ಆ್ಯಂಕರೇಜ್‌ನಿಂದ ಸೀವಾರ್ಡ್‌ಗೆ ಸುಮಾರು 200 ಕಿಲೋಮೀಟರ್. ಕಾರಿನಲ್ಲಿ ಎರಡೂವರೆ ಗಂಟೆ ಅನ್ನುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ ಇರುವ ದಾರಿ ಅದು. ನಿಲ್ಲಿಸದೆ ಹೋಗಲು ಮನಸ್ಸು ಬರಲ್ಲ, ಹಾಗಾಗಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ರೈಲೂ ಇದೆ, ಚೆನ್ನಾಗಿಯೂ ಇದೆ. ಆದರೆ ಬೆಳಗಿನ ಜಾವವೇ ಎದ್ದು ರೈಲು ಹಿಡಿದು, ಅದೇ ದಿನ ಬೋಟ್ ಹತ್ತಿ, ಅದೇ ರಾತ್ರಿ ವಾಪಸ್ ಬರುವುದು ವಯಸ್ಸಾದವರಿಗೆ ಆಗದ ಮಾತು.

ಇನ್ನು ಮುಖ್ಯ ವಿಷಯ. ಟಿಕೆಟ್ ಬುಕ್ ಮಾಡುವಾಗ ಬೆಲೆ ನೋಡಬೇಡಿ, ಗಂಟೆ ನೋಡಿ. ನಾಲ್ಕು ಗಂಟೆಯ ಟ್ರಿಪ್ ರೆಸರೆಕ್ಷನ್ ಕೊಲ್ಲಿಯ ಒಳಗೇ ಸುತ್ತುತ್ತದೆ. ನೀರು ಸಾಮಾನ್ಯವಾಗಿ ಶಾಂತ. ನೀರುನಾಯಿ, ಕಡಲ ಸಿಂಹ, ಹದ್ದು ಕಾಣುತ್ತವೆ, ಅದೃಷ್ಟ ಇದ್ದರೆ ತಿಮಿಂಗಿಲವೂ ಸಿಗುತ್ತದೆ. ಆದರೆ ಕಡಲಿಗೆ ಬಂದು ಮುಟ್ಟುವ ಗ್ಲೇಸಿಯರ್, ಅಂದರೆ ಹಿಮನದಿ, ನೋಡಲು ಸಿಗಲ್ಲ. ಆರು ಗಂಟೆಯದು ಕೊಲ್ಲಿ ದಾಟಿ, ಅಯಾಲಿಕ್ ಭೂಶಿರ ಸುತ್ತಿ, ಗ್ಲೇಸಿಯರ್ ಮುಂದೆ ನಿಲ್ಲುತ್ತದೆ. ಎಂಟೂವರೆ ಗಂಟೆಯದು ಇನ್ನೂ ಆಚೆ, ನಾರ್ತ್‌ವೆಸ್ಟರ್ನ್ ಫಿಯಾರ್ಡ್‌ವರೆಗೆ (ಫಿಯಾರ್ಡ್ ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕಿರಿದಾದ ಚಾಚು). ಕ್ಯಾಮೆರಾ ಹುಚ್ಚಿನವರಿಗೆ ಅದು ಸರಿ. ಮನೆಮಂದಿಯೆಲ್ಲ ಹೋಗುವುದಾದರೆ ನನ್ನ ಓಟು ಆರು ಗಂಟೆಯದಕ್ಕೇ.

ಆದರೆ ಆ ಭೂಶಿರದ ಹತ್ತಿರ ಬೋಟ್ ರೆಸರೆಕ್ಷನ್ ಕೊಲ್ಲಿಯ ಆಸರೆ ಬಿಟ್ಟು ಅಲಾಸ್ಕಾ ಕೊಲ್ಲಿಯ ತೆರೆದ ಕಡಲಿಗೆ ಬರುತ್ತದೆ. ಅಲೆ ಎತ್ತಿ ಎತ್ತಿ ಹಾಕುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರು ನಿಮ್ಮ ಜೊತೆಗಿದ್ದರೆ, ಇಲ್ಲೂ ಅವರಿಗೆ ಅದೇ ಗತಿ. ವಾಂತಿ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಬೋಟ್ ಹೊರಡುವುದಕ್ಕೆ ಒಂದು ಗಂಟೆಗಿಂತ ಮುಂಚೆಯೇ ತೆಗೆದುಕೊಳ್ಳಬೇಕು. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಒಮ್ಮೆ ಕೇಳಿಬಿಡಿ. ಅಮ್ಮ ಊರಿಂದ ತಂದಿದ್ದ ಅವೊಮಿನ್ ಕೆಲಸವೇನೋ ಮಾಡಿತು, ಆದರೆ ಮೊದಲ ಒಂದು ಗಂಟೆ ಅವರು ತೂಕಡಿಸುತ್ತಲೇ ಇದ್ದರು. ಕೆಳಗಿನ ಡೆಕ್‌ನಲ್ಲಿ, ಬೋಟಿನ ನಡುಭಾಗದಲ್ಲಿ ಕುಳಿತರೆ ಕುಲುಕಾಟ ಕಮ್ಮಿ. ಫೋನ್ ನೋಡಬೇಡಿ, ದೂರದ ದಡ ನೋಡಿ.

ಗಾಳಿ ಜೋರಿದ್ದರೆ ಕ್ಯಾಪ್ಟನ್ ಅರ್ಧಕ್ಕೇ ತಿರುಗಿಸಬಹುದು. ಜಗಳ ಆಡಿ ಉಪಯೋಗ ಇಲ್ಲ, ಅವರು ಮಾಡುವುದೇ ಸರಿ. ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಬೋಟಿನಲ್ಲಿ ದಿಕ್ಕು ಹೇಳುವುದು ಗಡಿಯಾರದ ಲೆಕ್ಕದಲ್ಲಿ. ಬೋಟಿನ ಮೂತಿ ಹನ್ನೆರಡು, ಬಲಗಡೆ ಮೂರು, ಹಿಂದೆ ಆರು, ಎಡಗಡೆ ಒಂಬತ್ತು. ಇದನ್ನು ಮನೆಯವರಿಗೆ ಮೊದಲೇ ಹೇಳಿಕೊಡಿ. ಮೈಕ್‌ನಲ್ಲಿ "ಒಂಬತ್ತು ಗಂಟೆಗೆ ತಿಮಿಂಗಿಲ" ಅಂದಾಗ ಅಮ್ಮ ವಾಚ್ ನೋಡಿಕೊಂಡು, "ಈಗ ಹನ್ನೊಂದೂವರೆ ಅಲ್ವಾ? ಮುಗಿದೇ ಹೋಯ್ತಾ?" ಅಂದರು. ಅಷ್ಟರಲ್ಲಿ ಬಾಲ ಮುಳುಗಿತ್ತು. ಪರವಾಗಿಲ್ಲ, ಹಂಪ್‌ಬ್ಯಾಕ್ ತಿಮಿಂಗಿಲ ಒಮ್ಮೆ ಮುಳುಗಿದರೆ ಕೆಲವು ನಿಮಿಷ ಬಿಟ್ಟು ಮತ್ತೆ ಉಸಿರಿಗೆ ಬಂದೇ ಬರಬೇಕು. ಮುಂದಿನ ಸಲ ಉಸಿರಿನ ಸದ್ದು ನಮಗೆಲ್ಲ ಕೇಳಿಸಿತು, ಪ್ರೆಷರ್ ಕುಕ್ಕರ್ ಆವಿ ಬಿಟ್ಟ ಹಾಗೆ. ಗಾಳಿ ನಮ್ಮ ಕಡೆ ಬೀಸಿದಾಗ ಕೊಳೆತ ಮೀನಿನ ನಾತವೂ ಬಂತು. ಹಂಪ್‌ಬ್ಯಾಕ್‌ನಿಂದ 100 ಗಜ ದೂರ ಇರಬೇಕು ಎಂದು ಅಲ್ಲಿ ಕಾನೂನೇ ಇದೆ. ಆದ್ದರಿಂದ ಬೈನಾಕ್ಯುಲರ್ ಒಯ್ಯಿರಿ. ಮೊಬೈಲ್ ಝೂಮ್ ನಂಬಿ ಹೋಗಬೇಡಿ.

ನನಗೆ ತಿಮಿಂಗಿಲಕ್ಕಿಂತ ಹಿಡಿಸಿದ್ದು ಕಡಲ ನೀರುನಾಯಿ. ತುಂಗಭದ್ರೆಯಲ್ಲಿ ನೀರುನಾಯಿ ನೋಡಿದವರಿಗೆ ಮುಖ ಪರಿಚಯದ್ದೇ ಅನಿಸುತ್ತದೆ, ಆದರೆ ಇದರ ಗಾತ್ರವೂ ಬೇರೆ, ಬದುಕೂ ಬೇರೆ. ಅಂಗಾತ ತೇಲುತ್ತಾ ಎದೆ ಮೇಲೆ ಚಿಪ್ಪು ಇಟ್ಟುಕೊಂಡು ಒಡೆದು ತಿನ್ನುತ್ತದೆ. ನಡುವೆ ಒಂದು ಸುತ್ತು ಉರುಳಿ ಎದೆಯ ಮೇಲಿನ ಕಸ ತೊಳೆದುಕೊಳ್ಳುತ್ತದೆ. ತಿಮಿಂಗಿಲ, ಸೀಲ್‌ಗಳಿಗೆ ಚಳಿ ತಡೆಯಲು ಚರ್ಮದ ಕೆಳಗೆ ದಪ್ಪ ಕೊಬ್ಬು ಇದೆ, ಇದಕ್ಕೆ ಇಲ್ಲ. ಇದರ ಕೂದಲಿನಷ್ಟು ದಟ್ಟ ಕೂದಲು ಬೇರೆ ಯಾವ ಸಸ್ತನಿಗೂ ಇಲ್ಲ. ಅದಕ್ಕೇ ಒಂದು ಕಾಲದಲ್ಲಿ ತುಪ್ಪಳದ ವ್ಯಾಪಾರಿಗಳು ಇದನ್ನು ಬೇಟೆಯಾಡಿ ಮುಗಿಸುವುದರಲ್ಲಿದ್ದರು. ಬೇಟೆ ತಡೆಯಲು ದೇಶಗಳು ಮಾಡಿಕೊಂಡ 1911ರ ಒಪ್ಪಂದ ಬಂದ ಮೇಲೆ ಉಳಿದುಕೊಂಡವು.

ಪಫಿನ್ ಎಂಬ ಕಡಲ ಹಕ್ಕಿಯನ್ನು ನೋಡಲು ಮೇ ಕೊನೆಯಿಂದ ಆಗಸ್ಟ್‌ವರೆಗೆ ಹೋಗಬೇಕು, ಆಮೇಲೆ ಅವು ನಡುಗಡಲಿಗೆ ಹೊರಟುಬಿಡುತ್ತವೆ. ಚಿಸ್ವೆಲ್ ದ್ವೀಪಗಳ ಬಂಡೆಗಳಲ್ಲಿ ಕೊಂಬಿನ (ಹಾರ್ನ್ಡ್), ಜುಟ್ಟಿನ (ಟಫ್ಟೆಡ್) ಎರಡೂ ಜಾತಿಯವು ಇವೆ. ನೀರಿನ ಕೆಳಗೆ ರೆಕ್ಕೆ ಬಡಿದು ಈಜುವುದರಲ್ಲಿ ಗಟ್ಟಿ, ಆದರೆ ನೀರಿನಿಂದ ಮೇಲೆದ್ದು ಹಾರುವುದು ಅದಕ್ಕೆ ದೊಡ್ಡ ತಲೆನೋವು. ಹೊಟ್ಟೆ ತುಂಬಾ ಮೀನು ತಿಂದ ಒಂದು ಪಫಿನ್ ನಮ್ಮ ಬೋಟ್ ನೋಡಿ ಗಾಬರಿಯಾಗಿ, ನೀರಿನ ಮೇಲೆ ಪಟಪಟ ಓಡಿ, ಏಳಲಾರದೆ ಕೊನೆಗೆ ಮುಳುಗಿಬಿಟ್ಟಿತು.

ಗ್ಲೇಸಿಯರ್ ಹತ್ತಿರ ಹೋದಂತೆ ಫ್ರಿಜ್ ಬಾಗಿಲು ತೆಗೆದ ಹಾಗೆ ಚಳಿ. ಊರಲ್ಲಿ 15 ಡಿಗ್ರಿ ಇದೆ ಅಂತ ತೆಳು ಜಾಕೆಟ್‌ನಲ್ಲಿ ಬಂದವರು ಒಳಗೇ ಕೂರಬೇಕಾಯಿತು. ಥರ್ಮಲ್, ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಗ್ಲೌಸ್. ಅಪ್ಪನ ಮಂಕಿ ಕ್ಯಾಪ್ ನೋಡಿ ನಕ್ಕ ನಾವೇ ಆಮೇಲೆ ಸರದಿ ಮೇಲೆ ಹಾಕಿಕೊಂಡೆವು. ಎಂಜಿನ್ ನಿಲ್ಲಿಸಿದಾಗ ಯಾರೂ ಮಾತಾಡದಿದ್ದರೆ ತೇಲುವ ಮಂಜುಗಡ್ಡೆಗಳು ಚಟಪಟ ಅನ್ನುವುದು ಕೇಳುತ್ತದೆ. ಒಳಗೆ ಸಿಕ್ಕಿಕೊಂಡ ಹಳೇ ಗಾಳಿಯ ಗುಳ್ಳೆ ಒಡೆಯುವ ಸದ್ದು ಅದು. ಗ್ಲೇಸಿಯರ್ ತುಂಡು ಕಳಚಿದಾಗ ಮೊದಲು ಬೀಳುವುದು ಕಾಣುತ್ತದೆ, ಗುಡುಗು ಆಮೇಲೆ ಬರುತ್ತದೆ. ಸದ್ದು ಕೇಳಿ ಕ್ಯಾಮೆರಾ ತಿರುಗಿಸಿದರೆ ಸಿಗಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ. ಆದರೂ ಚಪಾತಿ ಪಲ್ಯ, ಸ್ವಲ್ಪ ಕೋಡುಬಳೆ ಕಟ್ಟಿಕೊಂಡು ಹೋಗಿ. ಎಣ್ಣೆ ತಿಂಡಿ ಭೂಶಿರ ದಾಟುವವರೆಗೆ ಬೇಡ.

ಮರುದಿನವನ್ನೂ ಸೀವಾರ್ಡ್‌ಗೇ ಇಡಿ. ಎಕ್ಸಿಟ್ ಗ್ಲೇಸಿಯರ್‌ಗೆ ರಸ್ತೆ ಇದೆ. ಯಾವ ವರ್ಷ ಹಿಮ ಎಲ್ಲಿವರೆಗೆ ಇತ್ತು ಅಂತ ದಾರಿಯುದ್ದಕ್ಕೂ ಬೋರ್ಡ್ ಹಾಕಿದ್ದಾರೆ. ಮಳೆ ಬಂದರೆ ಅಲಾಸ್ಕಾ ಸೀಲೈಫ್ ಸೆಂಟರ್ ಇದೆ. ಪಫಿನ್ ನೀರಿನ ಕೆಳಗೆ ಈಜುವುದನ್ನು ಗಾಜಿನಾಚೆಯಿಂದ ನೋಡಬಹುದು. ಊರು ಚಿಕ್ಕದು, ಜೂನ್ ಜುಲೈನಲ್ಲಿ ರೂಮ್‌ಗಳು ಬೇಗ ಬುಕ್ ಆಗಿಬಿಡುತ್ತವೆ. ಮೊದಲು ರೂಮ್ ಹಿಡಿದು, ಆಮೇಲೆ ಬೋಟ್ ಟಿಕೆಟ್ ಮಾಡಿ.