ಬಚ್ಚಲೊಲೆಯ ಕಾಯಿಲು: ಬಿಸಿನೀರು ಕೊನೆಗೂ ಟ್ಯಾಂಕಿಗೆ ಏರಿತು

ಬಿಸಿನೀರಿನ ಟ್ಯಾಂಕಿನ ಮೇಲರ್ಧ ಮುಟ್ಟಿದರೆ ಈಗ ಕೈ ಚುರ್ರೆನ್ನುತ್ತದೆ!

ಅಬ್ಬಿಯಿಂದ ಬರುವ 32 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನ ಲೈನು, ಅದರ ಬಾಯಿಗೆ ಜಾಲರಿ, ಮಣ್ಣು ತಂಗುವ ತೊಟ್ಟಿ, ಫ್ಲೋಟ್ ವಾಲ್ವ್ ಇರುವ ತಣ್ಣೀರಿನ ಟ್ಯಾಂಕು, ಇವೆಲ್ಲ ಮಲೆನಾಡಿನ ತೋಟದ ಮನೆಗಳಲ್ಲಿ ಮಾಮೂಲು. ಕರೆಂಟಿಲ್ಲದ ಮನೆಯಲ್ಲಿ ಒಲೆಯೊಳಗೆ ಕೂಡಿಸಿದ ಕಾಯಿಲಿನಲ್ಲಿ, ಅಂದರೆ ಪೈಪಿನ ಸುರುಳಿಯಲ್ಲಿ, 100 ಲೀಟರ್ ನೀರು ಕಾದು, ಪಂಪಿಲ್ಲದೆ ತಾನಾಗಿ ಮೇಲಿನ ಬಿಸಿನೀರಿನ ಟ್ಯಾಂಕಿಗೆ ಏರಬೇಕು. ಸತಾಯಿಸಿದ್ದು ಅದೊಂದೇ.

ಒಲೆ ಹಿಡಿದ ಸ್ವಲ್ಪ ಹೊತ್ತಿಗೆ ಕಾಯಿಲಿನೊಳಗೆ ಟಕಟಕ ಸದ್ದು. ಗಾಳಿ, ಆವಿ ಹೊರಹೋಗಲು ಇಟ್ಟ ವೆಂಟ್ ಪೈಪಿನಿಂದ ಬುಸ್ಸೆಂದು ನೀರು ಉಗುಳುತ್ತದೆ, ಟ್ಯಾಂಕು ಮಾತ್ರ ತಣ್ಣಗೆ. ಕಾಯಿಲಿನಲ್ಲಿ ನೀರು ನಿಂತಲ್ಲೇ ಕುದಿಯುತ್ತಿದೆ, ತಿರುಗುತ್ತಿಲ್ಲ ಎಂಬುದಕ್ಕೆ ಇದೇ ಗುರುತು.

ಕಾದ ನೀರು ಮೇಲೇರುವುದು ಅದು ಹಗುರವಾಗುವುದರಿಂದ. 20 ಡಿಗ್ರಿಯ ನೀರು ಘನ ಮೀಟರಿಗೆ 998 ಕಿಲೋ ತೂಗುತ್ತದೆ, 60 ಡಿಗ್ರಿಯದು 983. ಕಾಯಿಲಿನ ನಡುವಿಂದ ಟ್ಯಾಂಕಿನ ನಡುವಿಗೆ 1 ಮೀಟರ್ ಎತ್ತರವಿದ್ದರೆ ಈ ವ್ಯತ್ಯಾಸದಿಂದ ಸಿಗುವ ಒತ್ತಡ ಬರೀ 15 ಮಿ.ಮೀ. ಎತ್ತರದ ನೀರಿನಷ್ಟು. ಅಷ್ಟೇ ಬಂಡವಾಳ! ಬಿಸಿನೀರಿನ ಪೈಪು ಎಲ್ಲಾದರೂ ಎರಡು ಬೆರಳಗಲ ಉಬ್ಬಿ ಇಳಿದಿದ್ದರೂ ಅಲ್ಲಿ ಗಾಳಿ ಸೇರಿಕೊಂಡು ಎಲ್ಲ ನಿಂತುಹೋಗುತ್ತದೆ. ನಲ್ಲಿ ತಿರುಗಿಸಿ ಜೋರಾಗಿ ನೀರು ನುಗ್ಗಿಸಿದರೆ ಅವತ್ತಿಗೆ ಸರಿಹೋಗುತ್ತದೆ. ಆದರೆ ನೀರು ಕಾದಾಗಲೆಲ್ಲ ಅದರಲ್ಲಿ ಕರಗಿದ್ದ ಗಾಳಿ ಹೊರಬರುವುದರಿಂದ ಮಾರನೇ ದಿನ ಮತ್ತೆ ಅದೇ ರಾಗ.

ಉಬ್ಬು ಅಡಗಿದ್ದು ಗೋಡೆಯ ತೂತಿನಲ್ಲಿ. ಪೈಪು ಒಳಗೆ ಏರಿ, ಆಚೆಯ ಎಲ್ಬೋ (ಪೈಪು ತಿರುಗಿಸುವ ಜೋಡಣೆ) ಹತ್ತಿರ ತುಸು ಇಳಿದಿತ್ತು. ಕಣ್ಣಿಗೆ ಕಾಣಲಿಲ್ಲ. ಮಟ್ಟದ ಪೈಪು (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದಾಗಲೇ ಗೊತ್ತಾಗಿದ್ದು. ತೂತನ್ನು ಮೇಲಕ್ಕೆ ಅಗಲ ಮಾಡಿ, 90 ಡಿಗ್ರಿಯ ಎಲ್ಬೋ ತೆಗೆದು 45ರದ್ದು ಎರಡು ಹಾಕಿ, ಮೀಟರಿಗೆ 5 ಸೆಂ.ಮೀ.ನಂತೆ ಉದ್ದಕ್ಕೂ ಏರು ಕೊಟ್ಟ ಮೇಲೆ ಸದ್ದಡಗಿತು. ಪೈಪು ಒಂದಿಂಚಿಗಿಂತ ಸಣ್ಣದು ಬೇಡ. ಬಿಸಿನೀರು ಟ್ಯಾಂಕಿನ ಮೇಲ್ಭಾಗಕ್ಕೆ ಸೇರಲಿ, ಅದೇ ಟ್ಯಾಂಕಿನ ತಳದಲ್ಲಿರುವ ತಣ್ಣಗಿನ ನೀರು ಕಾಯಿಲಿನ ಕೆಳಬಾಯಿಗೆ ಬರಲಿ. ಕಾಯಿಲು, ಟ್ಯಾಂಕುಗಳ ನಡುವೆ ಯಾವ ಕಾರಣಕ್ಕೂ ಗೇಟ್ ವಾಲ್ವ್ ಕೂಡಿಸಬೇಡಿ. ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಯಾರೋ ವಾಲ್ವ್ ಮುಚ್ಚಿ ಒಲೆ ಹೊತ್ತಿಸಿದರೆ ಕಾಯಿಲು ಸಿಡಿಯಬಹುದು. ವೆಂಟ್ ಪೈಪಿನ ಬಾಯಿ ತಣ್ಣೀರು ಟ್ಯಾಂಕಿನ ಮಟ್ಟಕ್ಕಿಂತ ಮೇಲೆ, ಸದಾ ತೆರೆದೇ ಇರಬೇಕು. ಒಲೆಯ ಹತ್ತಿರ ಪಿವಿಸಿ ಸುಳಿಯಲೇಬಾರದು.

ಕಾಯಿಲಿಗೆಂದು ತಾಮ್ರದ ಪೈಪು ಕೇಳಿದರೆ ಪೇಟೆಯ ಅಂಗಡಿಯವರು ಏಸಿಗೆ ಹಾಕುವ ಸಣ್ಣ ಸುರುಳಿಯನ್ನೇ ಮುಂದಿಡುತ್ತಾರೆ. ಒಂದಿಂಚಿನದು ಬೇಕೆಂದರೆ, ದೆವ್ವ ಬರದಿರಲೆಂದು ಬಾಗಿಲ ಮೇಲೆ ಬರೆದ ಹಾಗೆ, 'ನಾಳೆ ಬಾ'.

ಸೌದೆಯ ಲೆಕ್ಕ: 100 ಲೀಟರನ್ನು 20ರಿಂದ 50 ಡಿಗ್ರಿಗೆ ತರಲು 3.5 ಯೂನಿಟ್ ಶಾಖ ಬೇಕು. ಉರಿಯ ಐದರಲ್ಲೊಂದು ಪಾಲು ಕಾಯಿಲಿಗೆ ಸಿಕ್ಕಿದರೆ ಸುಮಾರು 4 ಕಿಲೋ ಒಣ ಸೌದೆ. ಹಸಿ ಸೌದೆ ಹಾಕಿದರೆ ತಣ್ಣಗಿರುವ ಕಾಯಿಲಿಗೆ ಟಾರಿನಂಥ ಮಸಿ ಮೆತ್ತಿ ಶಾಖ ಒಳಗಿಳಿಯುವುದಿಲ್ಲ. ಬಿಚ್ಚಿ ಕೆರೆಯಲು ಅನುಕೂಲವಾಗಲೆಂದು ಕಾಯಿಲಿನ ಎರಡೂ ತುದಿಗೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿದ್ದಾಗಿದೆ.

ಇನ್ನು ಅದೇ ಅಬ್ಬಿಯಲ್ಲಿ ಪಿಕೋ ಹೈಡ್ರೋ, ಅಂದರೆ ಪುಟ್ಟ ಜಲವಿದ್ಯುತ್ ಘಟಕ! 40 ಮೀಟರ್ ಎತ್ತರ, ಸೆಕೆಂಡಿಗೆ 1 ಲೀಟರ್ ನೀರು, ಅಂದರೆ 390 ವಾಟ್. ಅರ್ಧ ಕೈಗೆ ಬಂದರೂ ಮನೆಯ ದೀಪಗಳಿಗೆ ಧಾರಾಳ. ಈಗಿನ ಲೈನು ಇದಕ್ಕೆ ಆಗದು. 300 ಮೀಟರ್ ದೂರ ಅಷ್ಟು ನೀರು ಹರಿಸಹೋದರೆ 32 ಮಿ.ಮೀ. ಪೈಪಿನಲ್ಲಿ ಆ 40 ಮೀಟರೂ ಘರ್ಷಣೆಗೇ ಹೋಗುತ್ತದೆ. 75 ಮಿ.ಮೀ. ಹಾಕಿದರೆ ನಷ್ಟ ಅರ್ಧ ಮೀಟರಿನ ಆಸುಪಾಸು. ಪೈಪಿನ ದರ ವಿಚಾರಿಸುತ್ತಿದ್ದೇವೆ. ನೀರಿನ ಧಾರೆ ಬಡಿದು ತಿರುಗುವ ಪೆಲ್ಟನ್ ಚಕ್ರದ ಬಟ್ಟಲು ಎರಕ ಹೊಯ್ಯುವವರು ಶಿವಮೊಗ್ಗ, ಸಾಗರದ ಕಡೆ ಯಾರಾದರೂ ಇದ್ದರೆ ತಿಳಿಸಿ.